ನೈಟ್ ಹಾಲ್ಟ್

ಸ್ಟೇಟ್ ಬ್ಯಾಂಕಿನಿಂದ ಕೊನೆಯ ಟ್ರಿಪ್ಪು ಮುಗಿಸಿ
ಲೆಕ್ಕ ಒಪ್ಪಿಸಿ, ಉಳ್ಳಾಲದ ಗಾಳಿಮರದಡಿ
ಬಸ್ಸು ನಿಂತರೆ ಅದೇ ನಮ್ಮ ಮನೆ:
ನಲವತ್ತೆರಡು ಸೀಟು, ಎರಡು ಬಾಗಿಲು,
ಒಂದಕ್ಕೂ ಚಿಲಕವಿಲ್ಲ.

ಡ್ರೈವರ್ ಮೋನಪ್ಪಣ್ಣನಿಗೆ ಗೊತ್ತು. ಧಣಿಗೆ ಗೊತ್ತಿಲ್ಲ.

ಹಿಂದಿನ ಉದ್ದ ಸೀಟು ತನ್ವಿತಾಳದು.
ಎಂಜಿನ್ನಿನ ಬಿಸಿ ಆರುವ ತನಕ ಬಾನೆಟ್ಟಿನ ಮೇಲೆ
ಅವಳ ಯೂನಿಫಾರ್ಮು ಒಣಗುತ್ತದೆ.
ಡೀಸೆಲ್ ವಾಸನೆ ಅಂತ ಯಾರೋ ಮೂಗು ಮುಚ್ಚಿದರಂತೆ;
"ನಮ್ಮಪ್ಪನದ್ದು ದೊಡ್ಡ ಬಸ್ಸುಂಟು" ಅಂದಳಂತೆ ಇವಳು.
ಸುಳ್ಳೆಂದು ಹೇಗೆ ಹೇಳಲಿ.

ಗಾಜಿನ ಮೇಲಿನ ದೇವರ ಸಾಲಿನಲ್ಲಿ
ಅವಳಮ್ಮನ ಪಾಸ್‌ಪೋರ್ಟ್ ಸೈಜಿನ ಫೋಟೋ.
ಮೋನಪ್ಪಣ್ಣ ಹಚ್ಚುವ ಊದುಬತ್ತಿ ಅವಳಿಗೂ ಸಲ್ಲುತ್ತದೆ.

ಶಾಲೆಯ ಫಾರಮ್ಮಿನಲ್ಲಿ ವಿಳಾಸದ ಗೆರೆ.
ಪೆನ್ನು ಹಿಡಿದು ಕೂತೆ. ದಿನಕ್ಕೆ ಹನ್ನೆರಡು ಸಲ
ಎಲ್ಲ ಸ್ಟಾಪು ಕೂಗುವ ಬಾಯಿಗೆ
ನಾವು ಇಳಿಯುವುದೆಲ್ಲಿ ಅಂತ ಹೊಳೆಯಲಿಲ್ಲ.

ಹದಿನಾಲ್ಕು ತಿಂಗಳು.
ಮೊನ್ನೆ ಜೆಪ್ಪಿನಲ್ಲಿ, ಸಿಸಿಲಿಯಾ ಬಾಯಮ್ಮನ
ಹಿತ್ತಿಲ ಹಂಚಿನ ಕೋಣೆ. ಅಡ್ವಾನ್ಸು
ಮೂರು ಕಂತಿಗೆ ಒಪ್ಪಿ, ಬೀಗದ ಕೈ ಕೊಟ್ಟರು.
ಟಿಕೆಟ್ಟಿನ ಚೀಲಕ್ಕೇ ಹಾಕಿಕೊಂಡೆ.
ಪಂಪ್‌ವೆಲ್‌ನಲ್ಲಿ ಒಬ್ಬರಿಗೆ ಚಿಲ್ಲರೆಯೆಂದು
ಅದನ್ನೇ ಚಾಚಿದೆ; ಆಚೆ ನೋಡಿ ನಕ್ಕರು.

ರಾತ್ರಿ ಅವಳಿಗೆ ನಿದ್ದೆ ಹತ್ತದು.
"ಅಪ್ಪಾ, ನಾಲ್ಕೂವರೆಗೆ ಏಳ್ಬೇಕಾ?"
ಬೇಡ ಮಗಾ.
"ಸೀಟು ಒರೆಸ್ಲಿಕ್ಕೆ?"
ಇಲ್ಲ.
ಸ್ವಲ್ಪ ಹೊತ್ತು ಸುಮ್ಮನಿದ್ದು, ಕತ್ತಲಲ್ಲಿ
ಗೋಡೆಗೆ ಎರಡು ಸಲ ಬಡಿದು
ಮೆಲ್ಲ ಅಂದಳು, "ರೈಟ್... ಪೋಯಿ!"

ಕೋಣೆ ಅಲ್ಲಾಡಲಿಲ್ಲ.