ಮಾಯಿಶ್ಚರ್

ತಿಕೋಟಾದ ಶೆಡ್ಡಿನ್ಯಾಗ ಅಳತೆ ನನ್ನ ಕೆಲಸ.
ಅಂಗೈಯಷ್ಟು ಯಂತ್ರ, ಅದರ ಬಾಯಿಗೆ ಒಂದು ಹಿಡಿ ಮಣೂಕ,
ಗುಂಡಿ ಒತ್ತಿದರ ಅಂಕಿ ಬರ್ತದ.
ಹದಿನೈದಾದರ ಪೆಟ್ಟಿಗೆಗೆ,
ಹದಿನೆಂಟಾದರ ತಿರುಗಿ ಬಲೆಯ ಮ್ಯಾಲ.
ಯಂತ್ರದ ಹಣೆಯ ಮ್ಯಾಲ ಬರೆದದ್ದು ಮಾಯಿಶ್ಚರ್.
ಹಾಸಿಂಬಿ ಅದಕ್ಕ ಮಾಯಿಷಾ ಅಂತಾಳ,
ಯಾರದೋ ಮಗಳನ್ನ ಕರೆದಂಗ.

ಇನಾಮದಾರ ಮಾಸ್ತರರು ರಿಟಾಯರ್ ಆದ ಮ್ಯಾಲ
ಇಲ್ಲೇ ಲೆಕ್ಕ ಬರೀತಾರ. ಬಲಗಣ್ಣಿಗೆ ಪೊರೆ,
ಸದಾ ನೀರು ಸೋರತದ.
ಕರೆಂಟಿಲ್ಲದ ಒಂದು ಮಧ್ಯಾಹ್ನ ಸುಮ್ಮನ ಕೇಳಿದೆ:
ಈ ಶಬ್ದ ಎಲ್ಲಿಂದ ಬಂತ್ರೀ ಸರ?
ಮರುದಿನ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ತಂದರು
ಬೆನ್ನು ಹರಿದ ಡಿಕ್ಷನರಿ.

"ಇಂಗ್ಲೀಷರ ಸ್ವಂತದ್ದಲ್ಲ ಇದು.
ಫ್ರೆಂಚರ ಮನ್ಯಾಗ ಬೆಳೆದದ್ದು, ಹುಟ್ಟಿದ್ದು ಲ್ಯಾಟಿನ್ನಿನ್ಯಾಗ.
ಖಾತ್ರಿ ಇಲ್ಲ, ಬಹುಶಃ ಅಂತ ಬರದಾರ:
ಬೂಸರು ಹಿಡಿದದ್ದು ಅಂಬೋ ಮಾತು ಇದರ ಮೂಲ,
ಮುಂದ ಅದಕ್ಕ ಇನ್ನೊಂದು ಮಾತಿನ ಗಾಳಿ ತಾಗಿತು:
ಆಗಷ್ಟ ಹಿಂಡಿದ ದ್ರಾಕ್ಷಿರಸ."

ಆರಿಸೋ ಕೈಗಳೆಲ್ಲ ನಿಂತವು.
"ಹಂಗಾರ ಆ ಮಂದಿ ನಮ್ಮ ಶೆಡ್ಡಿಗೆ ಬಂದು ಹೋಗ್ಯಾರ"
ಅಂದಳು ಬೌರವ್ವ, ದೇಟು ಕೀಳುತ್ತ.

ನನಗ ಹೋದ ವರ್ಷದ ಅಡ್ಡಮಳೆ ನೆನಪಾತು.
ಹೊಳಿಹುಣ್ಣಿಮೆ ದಾಟಿ ಮೂರು ದಿನ.
ರಾತ್ರಿ ತಾಡಪತ್ರಿ ಎಳೆದು ಎಳೆದು ಉಗುರು ಕಿತ್ತಿದ್ದವು.
ನಾಕನೇ ದಿನಕ್ಕ ಹಣ್ಣಿನ ಮ್ಯಾಲ ಬೂದಿಬಣ್ಣದ ನವಿರು,
ಗಂಧಕದ ಹೊಗೆಗೂ ಸೋಲದ ಮುಗ್ಗು.
ಡಿಕ್ಷನರಿಗಿಂತ ಮೊದಲ
ಆ ಶಬ್ದದ ಮೂಲ ನನ್ನ ಮೂಗಿಗೆ ಗೊತ್ತಿತ್ತು.

ನಾವು ಹಸಿ ಅಂತೀವಿ, ಅಷ್ಟ.
ಎರಿಹೊಲದ ತಳದಾಗ ಉಳಿದು ಜೋಳ ಸಾಕೋದೂ ಹಸಿ,
ಬೇಯದ ಬ್ಯಾಳಿ ಹಸಿ, ಮಾಯದ ಗಾಯ ಹಸಿ,
ಮಾಲಕ ಹೇಳೋ "ಮುಂದಿನ ವಾರ ಪಗಾರ" ಹಸಿ ಸುಳ್ಳು.
ಇಪ್ಪತ್ತೆರಡನೇ ದಿನಕ್ಕ ಕೆಲಸಕ್ಕ ಬಂದ
ದಾನಮ್ಮನದು ಹಸಿ ಮೈ;
ಹನ್ನೊಂದು ಗಂಟೆ ಆದರ ಅವಳ ಕುಪ್ಪಸ ತೊಯ್ತದ,
ಯಾರೂ ಅಳತೆ ಮಾಡೂದಿಲ್ಲ.

ಹಾಸಿಂಬಿಗೆ ಯಂತ್ರ ಬ್ಯಾಡ.
ಎರಡು ಬೆರಳಿನ ನಡುವ ಒಂದು ಕಾಳು ಹಿಚುಕಿ,
"ಇನ್ನೂ ಎರಡು ದಿನ" ಅಂತಾಳ.
ಯಂತ್ರ ಆಮ್ಯಾಲ ಹದಿನೇಳು ಅಂತದ.

"ಸರ, ಹಸಿ ಎಲ್ಲಿಂದ ಬಂತ್ರೀ?"
ಮಾಸ್ತರರು ಪುಟ ತಿರುವಿದರು, ನಕ್ಕರು,
"ಇದರಾಗ ಇರೂದಿಲ್ಲವಾ, ಅದಕ್ಕ ಬ್ಯಾರೆ ಪುಸ್ತಕ ಬೇಕು"
ಅಂತ ಲೆಕ್ಕಕ್ಕ ಬಗ್ಗಿದರು.
ಸಂಜಿಗೆ ಸಹಿ ಮಾಡಲಿಕ್ಕೆ ಹೋದಾಗ ನೋಡಿದೆ:
ಬಲಗಣ್ಣಿಂದ ಒಂದು ಹನಿ ಬಿದ್ದು
ಹದಿನೈದರ ಐದು
ಕಾಗದದಾಗ ಹರಡಿತ್ತು.