ಜೀರೋ ಟಿಕೆಟ್

ಇಪ್ಪತ್ತೊಂದು ವರ್ಷ ಓಡಿದ್ದೇನೆ,
ನಿಂತುಕೊಂಡೇ.
ಶಿವಮೊಗ್ಗದಿಂದ ಶಿಕಾರಿಪುರ, ಶಿಕಾರಿಪುರದಿಂದ ಶಿವಮೊಗ್ಗ,
ಸೊಂಟವನ್ನು ಸೀಟಿನ ಕಂಬಿಗೆ ಆನಿಸಿ,
ಬಾಯಲ್ಲಿ ಪೀಪಿ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟು.
ಎಷ್ಟು ಲಕ್ಷ ಕಿಲೋಮೀಟರೋ ಡಿಪೋದ ಕಡತಕ್ಕೆ ಗೊತ್ತು.
ಕಾಲಿಗೆ ಗೊತ್ತಿಲ್ಲ.

ಹಾಗಾಗಿ ಸೆಕೆಂಡ್ ಶಿಫ್ಟಿನ ವಾರಗಳಲ್ಲಿ
ಐದೂಕಾಲಿಗೆ ಎದ್ದು
ನವುಲೆಯ ಹಿಂದಿನ ಹೊಸ ಬಡಾವಣೆಯಲ್ಲಿ ಓಡುತ್ತೇನೆ.
ಅರ್ಧ ಸೈಟಿಗೆ ಮನೆ, ಅರ್ಧಕ್ಕೆ ಲಂಟಾನ.
ಬೀದಿಗಳಿಗೆ ಇನ್ನೂ ಹೆಸರು ಬಂದಿಲ್ಲ, ನಂಬರು ಮಾತ್ರ.
ಕೆಳಗೆ ಹಳೆಯ ಖಾಕಿ ಪ್ಯಾಂಟು,
ಮೇಲೆ ತಮ್ಮ ಬಿಟ್ಟುಹೋದ ಕಬಡ್ಡಿ ಬನಿಯನು, ಬೆನ್ನಿಗೆ ಏಳು.

ಮೊದಲ ವಾರ ಎಲ್ಲರೂ ಗೇಟಿಗೆ ಬಂದರು.
'ಎಂತಾಯ್ತು ಹಾಲಮ್ಮ, ಯಾರಿಗೆ ಏನಾಯ್ತು?'
ಹೆಂಗಸು ಓಡಿದರೆ
ಎಲ್ಲೋ ಬೆಂಕಿ ಬಿದ್ದಿರಬೇಕು,
ಇಲ್ಲ ಒಲೆಯ ಮೇಲೆ ಹಾಲು ಇಟ್ಟು ಮರೆತಿರಬೇಕು.
ಸೊಪ್ಪಿನ ನೂರುಲ್ಲಾ ಲಗೇಜ್ ಆಟೋ ನಿಲ್ಲಿಸಿದ:
'ಬಸ್ಸು ತಪ್ಪಿತಾ? ಹತ್ತಿ ಅಕ್ಕ, ಹಿಡಿಸಿ ಕೊಡ್ತೀನಿ.'
ನನಗೆ! ಬಸ್ಸು!
ಉಸಿರಿಲ್ಲದೆ ನಕ್ಕೆ.
ಅಳುತ್ತಿದ್ದೇನೆ ಅಂದುಕೊಂಡು ಒಂದು ಕಟ್ಟು ಸಬ್ಬಸಿಗೆ ಕೊಟ್ಟ.

ಈಗ ಸ್ಟೇಜು ಮಾಡಿಕೊಂಡಿದ್ದೇನೆ.
ನೀರಿನ ಟ್ಯಾಂಕಿನಿಂದ ಟ್ರಾನ್ಸ್‌ಫಾರ್ಮರಿಗೆ ಒಂದು,
ಅಲ್ಲಿಂದ ಪಂಕ್ಚರಿನ ಫ್ರಾನ್ಸಿಸನ ಹೊಂಗೆ ಮರಕ್ಕೆ ಎರಡು,
ಆಮೇಲೆ ಏರು.
ಏರಿಗೆ ದರ ಜಾಸ್ತಿ. ಎದೆ ಚಿಲ್ಲರೆ ಕೇಳುತ್ತದೆ.
ನಾಲ್ಕನೇ ಕ್ರಾಸಿನ ಕಂದು ನಾಯಿ ಚೆಕಿಂಗ್ ಸ್ಕ್ವಾಡು;
ಎಲ್ಲಿಂದಲೋ ನೆಗೆದು, ಹಿಮ್ಮಡಿ ಮೂಸಿ,
ಕೇಸು ಹಾಕದೆ ಬಿಡುತ್ತದೆ.

ದಿನಕ್ಕೆ ಇನ್ನೂರು ಮುನ್ನೂರು ಹೆಂಗಸರಿಗೆ
ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುವವಳು ನಾನು,
ಆಧಾರಿನ ಮುಖಕ್ಕೂ ಎದುರಿನ ಮುಖಕ್ಕೂ ತಾಳೆ ನೋಡಿ.
ಈ ರಸ್ತೆಯಲ್ಲಿ ನನ್ನ ಗುರುತು ಯಾರೂ ಕೇಳುವುದಿಲ್ಲ.
ನಾನೂ ಜೀರೋ ಟಿಕೆಟ್ಟು.

ಆರು ಗಂಟೆಗೆ ಇಂಚರಾ ಬರುತ್ತಾಳೆ, ಎಂಟನೇ ಕ್ಲಾಸು,
ಲೆಕ್ಕದ ಟ್ಯೂಷನ್ನಿಗೆ, ಅಣ್ಣನ ಸೈಕಲ್ಲಿನಲ್ಲಿ.
ಸೀಟು ಎತ್ತರ, ಇಳಿಸುವ ಬೋಲ್ಟು ತುಕ್ಕು ಹಿಡಿದಿದೆ,
ಆದ್ದರಿಂದ ನಿಂತುಕೊಂಡೇ ತುಳಿಯುತ್ತಾಳೆ,
ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಡೀ ಮೈ ತೂಗಿ.
ನಿಂತು ಓಡುವುದು ಹೀಗೂ ಉಂಟೆಂದು
ನನಗೆ ಯಾರೂ ಹೇಳಿರಲಿಲ್ಲ.
'ಆಂಟಿ, ನೀವು ಗಂಟೆಗೆ ಏಳು ಕಿಲೋಮೀಟರು,' ಎನ್ನುತ್ತಾಳೆ,
ಬೇಕೆಂತಲೇ ನಿಧಾನ ಮಾಡಿ. 'ನಾನು ಹದಿನಾಲ್ಕು.
ಒಂದೇ ಸಲ ಹೊರಟರೆ ನಾನು ಕಾಯಬೇಕಾದದ್ದು ಎಷ್ಟು ಹೊತ್ತು?'
ಎಲ್ಲಿಗೆ ಅಂತ ಹೇಳದೆ
ಲೆಕ್ಕ ಹೇಗೆ ಮಾಡುವುದು ಮಗಾ, ಅಂದೆ.
ಅಷ್ಟರಲ್ಲಿ ತಿರುವು ದಾಟಿದ್ದಳು.

ಮೊನ್ನೆ ಗುರುವಾರ ಮಂಜು.
ಬಡಾವಣೆ ಸಾಲದೆ ಸವಳಂಗ ರಸ್ತೆಗೇ ಇಳಿದೆ.
ಬೆನ್ನ ಹಿಂದೆ ಎರಡು ಹಳದಿ ದೀಪ, ಪರಿಚಯದ ಗೊರಗೊರ.
ನಮ್ಮದೇ ಡಿಪೋ, ಮೊದಲ ಟ್ರಿಪ್ಪು.
ನನ್ನನ್ನು ದಾಟಿ, ಹತ್ತು ಮಾರು ಮುಂದೆ, ನಿಂತಿತು.
ನನಗಾಗಿ ನಿಂತಿತು.
ಬಾಗಿಲಲ್ಲಿ ಹೊಸ ಹುಡುಗಿ, ಗುರುತಿಲ್ಲ, ಕೈ ಚಾಚಿದ್ದಾಳೆ:
'ಬೇಗ, ಬೇಗ ಬನ್ನಿ!'

ಆ ಮೆಟ್ಟಿಲ ಮೇಲಿಂದ ನಾನು ನೋಡಿದ್ದೇನೆ:
ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದ ಬಸುರಿ,
ಕೋಳಿ ಚೀಲದ ಅಜ್ಜ,
ಹಾಲ್ ಟಿಕೆಟ್ಟು ಹಲ್ಲಲ್ಲಿ ಕಚ್ಚಿದ ಹುಡುಗ.
ಕೆಲವರಿಗೆ ನಿಲ್ಲಿಸಿದೆ.
ಕೆಲವು ಸಲ ಲೇಟಾಗಿತ್ತು, ಪೀಪಿ ಊದಿದೆ.
ಹುಡುಗನಿಗೆ ಯಾವುದು, ಈಗ ನೆನಪಿಲ್ಲ.
ನೆನಪಿಲ್ಲ ಅಂತ ಹೇಳಿಕೊಳ್ಳುತ್ತೇನೆ.

ಬಾಗಿಲ ತನಕ ಓಡಿದೆ.
ತಗಡಿಗೆ ಅಂಗೈಯಿಂದ ಎರಡೇಟು ಹೊಡೆದು
ಹೊಟ್ಟೆಯಾಳದಿಂದ ಕೂಗಿದೆ: 'ರೈಟ್!'
ಡ್ರೈವರು ತಿರುಗಿಯೂ ನೋಡಲಿಲ್ಲ.
ರೈಟ್ ಅಂದಮೇಲೆ ರೈಟ್.
ಬಸ್ಸು ಹೊರಟಿತು, ಹುಡುಗಿ ಬಾಯಿ ಬಿಟ್ಟುಕೊಂಡು,
ಕಿಟಕಿಗಳಲ್ಲಿ ಮಫ್ಲರಿನ ಮುಖಗಳು.

ಡೀಸೆಲ್ ಹೊಗೆ, ಅದರ ಸುತ್ತ ಮಂಜು.
ಇನ್ನೂ ಒಂದು ಸ್ಟೇಜು ಬಾಕಿಯಿತ್ತು.