ಇಪ್ಪತ್ತೇಳನೇ ಕಂಬ

ಸ್ಟೀರಿಂಗಿನ ಎಡಕ್ಕೆ, ಊಟದ ಡಬ್ಬಿಯ ಪಕ್ಕ,
ಹಳೇ ಉಣ್ಣೆ ಟೋಪಿಯೊಳಗೆ ಮಲಗಿರುತ್ತದೆ ಕ್ಯಾಮೆರಾ.
ಮದುವೆಗಳ ಫೋಟೋ ತೆಗೆಯುತ್ತಿದ್ದ ಲೂಮಿಸ್ ತೀರಿಕೊಂಡ ಮೇಲೆ
ಅವನ ಹೆಂಡತಿ ಅಂಗಳದಲ್ಲಿ ಮೇಜು ಹಾಕಿ ಮಾರಿದ್ದು.
ನಲವತ್ತು ಡಾಲರ್ ಕೊಟ್ಟೆ. ಅವಳು ಎಣಿಸಲಿಲ್ಲ.

ಒಳಗೆ ಇನ್ನೂ ಒಂದು ಮದುವೆ ಉಳಿದಿತ್ತು.
ಯಾರದೋ ಏನೋ. ಅಳಿಸಲು ಕೈ ಬರಲಿಲ್ಲ.
ಹಾಗಾಗಿ ನನ್ನ ಹಕ್ಕಿಗಳೆಲ್ಲ ಶುರುವಾಗುವುದು
ಬಾಯಿ ತುಂಬ ಕೇಕಿಟ್ಟುಕೊಂಡು ನಗುವ
ಒಬ್ಬ ಮದುಮಗಳ ನಂತರ.

ನೆಬ್ರಾಸ್ಕಾದ ಫೆಬ್ರವರಿ. ಬೆಳಿಗ್ಗೆ ಏಳೂಮುಕ್ಕಾಲು.
ಮುಸುಕಿನ ಜೋಳದ ಕೂಳೆಗಳ ನಡುವೆ
ಉಗುರುಸಂದಿಯ ಸುಣ್ಣದಂತೆ ಹಿಮ.
ಧಾನ್ಯದ ಗೋಪುರ ದಾಟಿದೊಡನೆ
ಹಿಂದಿನ ಸೀಟುಗಳಿಂದ ಎಣಿಕೆ ಏಳುತ್ತದೆ:
ಒಂದು, ಎರಡು, ಮೂರು, ಕರೆಂಟು ಕಂಬಗಳು.
ಹದಿನೇಳಕ್ಕೆ ದಿನಾ ಜಗಳ.
ಅದೊಂದು ಮೊಂಡು, ತಂತಿಯಿಲ್ಲದ್ದು,
ಲೆಕ್ಕಕ್ಕಿಲ್ಲ ಅನ್ನುತ್ತಾನೆ ಓಟಿಸ್.
ನಿಂತಿದೆಯಲ್ಲ, ಅಂದಮೇಲೆ ಕಂಬವೇ, ಅವನ ತಂಗಿ.
ಇಪ್ಪತ್ತೇಳರ ನೆತ್ತಿಯ ಮೇಲೆ
ಎಲ್ಲರ ಜಗಳಕ್ಕೂ ಬೆನ್ನು ಹಾಕಿ
ಕೆಂಪುಬಾಲದ ಗಿಡುಗ.

ಅದಕ್ಕೆಂದು ನಾನು ಬ್ರೇಕು ಒತ್ತುವುದಿಲ್ಲ. ಸ್ಕೂಲ್ ಬಸ್ಸು, ನಿಯಮ ನಿಯಮವೇ.
ಆದರೆ ಮುಂದಿನ ಗೇಟಿನಲ್ಲಿ ಸೆಡ್ಲಾಚೆಕ್ ಮನೆಯ ಹುಡುಗ ಹತ್ತಬೇಕು,
ಅವನ ಶೂ ಲೇಸು ಎಂದೂ ಬಿಚ್ಚಿಯೇ ಇರುತ್ತದೆ.
ಆ ಲೇಸು ಕಟ್ಟುವಷ್ಟು ಹೊತ್ತು ನನ್ನದು.

ಅಷ್ಟರಲ್ಲಿ ಏನು ಸಿಕ್ಕಿದೆ ಅಂತೀರಾ?
ಬೆನ್ನು. ಬಾಲ. ಬಾಲ ಇದ್ದ ಜಾಗ.
ಗಾಜಿಗಂಟಿದ ಜಾಮಿನ ಬೆರಳಚ್ಚು, ಅದರಾಚೆ ಏನೋ ಕಂದು.
ಒಮ್ಮೆ ಮಾತ್ರ ಇಡೀ ಹಕ್ಕಿ, ಆದರೆ ಕಣ್ಣು ಮುಚ್ಚಿತ್ತು,
ಮದುವೆ ಫೋಟೋದ ಸೋದರಮಾವನ ಹಾಗೆ.

ಮನೆಯಲ್ಲೂ ಇದೇ ಗೀಳು.
ಕಾಳಿನ ತಟ್ಟೆಗೆ ಬಂದ ಬೆಳವವನ್ನು ಬಿಜ್ಜೊಂದು ಎರಗಿ ಕೆಡವಿದಾಗ
ಸೋಪಿನ ಕೈಯಲ್ಲೇ ಓಡಿದೆ. ಒಲೆ ಮೇಲೆ ಆಲೂಗಡ್ಡೆ ಸೀದಿತು.
ಸೀದದ್ದನ್ನು ಚಾಕುವಿನಿಂದ ಕೆರೆಯುತ್ತ ಡೆಲ್ಮರ್ ಕೇಳಿದ:
ಕಾಳು ಹಾಕಿ ಕರೆದವಳೂ ನೀನೇ,
ಕರೆಸಿಕೊಂಡದ್ದನ್ನು ತಿನ್ನುವಾಗ ಫೋಟೋ ಹಿಡಿದವಳೂ ನೀನೇ?
ನಾನು ಉಪ್ಪಿನ ಡಬ್ಬಿ ಅವನತ್ತ ಸರಿಸಿದೆ.
ಇಷ್ಟು ವರ್ಷಗಳಲ್ಲಿ ಸ್ಪಷ್ಟವಾಗಿ ಬಂದದ್ದು ಅದೊಂದೇ.
ತೆಗೆದು ನೋಡುವುದಿಲ್ಲ.

ಮಾರ್ಚಿನಲ್ಲಿ ಕರೆಂಟಿನವರು ಬಂದು ಕಂಬ ಕಿತ್ತರು.
ತಂತಿ ಇನ್ನು ನೆಲದೊಳಗಂತೆ.
ಎಣಿಕೆ ಹನ್ನೊಂದಕ್ಕೇ ನಿಲ್ಲತೊಡಗಿತು.
ಮಕ್ಕಳು ಎರಡು ದಿನ ಗೊಣಗಿದರು,
ಮೂರನೇ ದಿನ ಫೋನು ನೋಡಿಕೊಂಡು ಕೂತರು.

ನನ್ನ ಹಿಂದಿನ ಸೀಟಿನ ಯೆಸೆನಿಯಾ,
ಮಾಂಸದ ಕಾರ್ಖಾನೆಯ ರಾತ್ರಿಪಾಳಿಯವರ ಮಗಳು,
ಬಂದು ಆರು ವಾರವಾದರೂ ತುಟಿ ಬಿಚ್ಚಿರಲಿಲ್ಲ,
ಎಣಿಕೆಗೂ ಸೇರಿರಲಿಲ್ಲ.
ಶುಕ್ರವಾರ ಕಿವಿಯ ಹತ್ತಿರವೇ ಅಂದಳು:
ಗವಿಲಾನ್.

ಕನ್ನಡಿಯಲ್ಲಿ ಅವಳ ಬೆರಳು ಎಡಕ್ಕಿತ್ತು.
ಕಿತ್ತ ಕಂಬಗಳನ್ನು ಬದುವಿನಲ್ಲಿ ಅಡ್ಡಡ್ಡ ಒಟ್ಟಿದ್ದರು.
ರಾಶಿಯ ತುದಿಗೆ, ನೆಲದಿಂದ ಮೂರೇ ಅಡಿಗೆ, ಅದು.
ಅಷ್ಟು ಹತ್ತಿರ ಎಂದೂ ನೋಡಿರಲಿಲ್ಲ.
ಎತ್ತರ ಕಳೆದರೆ ಅದೂ ಒಂದು ಕೋಳಿಗಾತ್ರ.
ಈ ಸಲ ಮುಖ ನಮ್ಮ ಕಡೆಗಿತ್ತು.

ಹುಡುಗ ಅಂದೇ ಲೇಸು ಬಿಗಿದುಕೊಂಡು ಬಂದು
ಹೇಗಿದೆ ನೋಡು ಎಂಬಂತೆ ಕಾಲು ಎತ್ತಿ ತೋರಿಸಿದ.
ಭೇಷ್ ಅನ್ನಲೇಬೇಕಾಯಿತು.
ಕ್ಯಾಮೆರಾವನ್ನು ಟೋಪಿಸಮೇತ ಹಿಂದಕ್ಕೆ ಚಾಚಿ
ಗೇರು ಹಾಕಿದೆ.

ಕ್ಲಿಕ್ ಆಯಿತೋ ಇಲ್ಲವೋ, ಎಂಜಿನ್ ಸದ್ದು.
ಸೇತುವೆ ದಾಟುವಾಗ ಮತ್ತೆ ಕಿವಿಯ ಹತ್ತಿರ
ತಡವರಿಸಿದ ಇಂಗ್ಲಿಷಿನಲ್ಲಿ: ಇವಳು ಯಾರು?
ಕೇಕಿನವಳಾ? ನನಗೂ ಗೊತ್ತಿಲ್ಲ ಅಂದೆ.
ಓ, ಅಂದಳು, ಅದೇ ಸರಿಯಾದ ಉತ್ತರವೆಂಬಂತೆ.
ಶಾಲೆ ಬರುವ ತನಕ ಬೆನ್ನ ಹಿಂದೆ ಗುಂಡಿ ಒತ್ತುವ ಸದ್ದು:
ಮದುಮಗಳು, ಬೆನ್ನು, ಬೆನ್ನು,
ಬಾಲ,
ಖಾಲಿ ಕಂಬ,
ಬೆನ್ನು